ಗುರಲಿಂಗಪ್ಪನ ನಾಲ್ಕು ಮಾತು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಹಾಗಾದರೆ ಆಲಮೇಲದ ಗುರಲಿಂಗಪ್ಪನ ಬಗ್ಗೆ ನಾನು ತುಟಿ ಹೊಲಿದುಕೊಂಡೇ ಕೂಡಬೇಕಾಗುತ್ತದೆ. ಮೊನ್ನೆ ಅವನ ಊರಿನವರೊಬ್ಬರು ಸಿಕ್ಕಿದ್ದರು. "ಏನ ಮಾತಗಾರ ಇದ್ದಾರಿ ಅಂವ! ಅಂಥಾ ಮನಷ್ಯಾ ಇನ್ನ ಹುಟ್ಟಂಗಿಲ್ಲ ಬಿಡ್ರಿ" ಎಂದು ಕಣ್ಣೊರೆಸಿಕೊಂಡರು. ಹುಟ್ಟುವುದೂ ಬೇಡ. ನಾಲ್ಕು ತಾಲೂಕಿಗೆ ಅವನೊಬ್ಬನೇ ಹೆಚ್ಚಾಗಿದ್ದ.

ಗುರಲಿಂಗಪ್ಪನಿಗೆ ಹೊಲವಿತ್ತು, ಅದನ್ನು ಗೇಣಿಗೆ ಕೊಟ್ಟು ತಾನು ಕಾಲುಚಾಚಿ ಕೂತಿದ್ದ. ಹಾಲಿನಂಥ ಬಿಳಿ ಧೋತರ, ನೆಹರೂ ಶರ್ಟು, ತಲೆಗೆ ಹಳದಿ ಪಟಕ, ಬಗಲಲ್ಲಿ ಎಲೆ ಅಡಿಕೆಯ ಚೀಲ. ಮನೆಯಲ್ಲಿ ದನ ಇರಲಿಲ್ಲ. ಹುಟ್ಟಿದಾಗಿನಿಂದ ಒಂದು ಕರುವಿನ ಕೊರಳಿಗೂ ಹಗ್ಗ ಕಟ್ಟಿದವನಲ್ಲ, ಒಂದು ಬುಟ್ಟಿ ಸಗಣಿ ಎತ್ತಿದವನಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ದನದ ಸಂತೆ ಕೂಡಿದರೂ ಕೊಳ್ಳುವವರು ಅವನನ್ನು ಜೊತೆಗೆ ಕರೆದುಕೊಂಡು ಬರುತ್ತಿದ್ದರು. ಎತ್ತಿನ ಹಲ್ಲು ನೋಡುವುದಕ್ಕಲ್ಲ, ಸುಳಿ ನೋಡುವುದಕ್ಕಲ್ಲ. ಹೆಸರಿಡುವುದಕ್ಕೆ. ನಮ್ಮ ಕಡೆ ಹೆಸರಿಡುವುದೆಂದರೆ ಕೊರತೆ ಎತ್ತಿ ಆಡುವುದು. ಕೊರತೆ ಇದ್ದರೆ ಯಾರಾದರೂ ಆಡುತ್ತಾರೆ. ಇಲ್ಲದಿದ್ದಾಗ ಆಡಲಿಕ್ಕೆ ಗುರಲಿಂಗಪ್ಪ ಬೇಕು. ಅದಕ್ಕೆ ಅವನಿಗೆ ಚಹಾ, ಊಟ, ವರ್ಷಕ್ಕೊಂದು ಧೋತರದ ಜೋಡಿ. ಥೂ, ಅದೂ ಒಂದು ಬದುಕು!

ಅವನ ಬಳಿ ಇದ್ದದ್ದು ನಾಲ್ಕೇ ಮಾತು. ಸಂತೆಯವರಿಗೆಲ್ಲ ಬಾಯಿಪಾಠವಾಗಿದ್ದವು, ಆದರೂ ಎಲ್ಲರೂ ಬೀಳುತ್ತಿದ್ದರು. ಮೊದಲು ಎತ್ತಿನ ಮೂಗಿನ ಮುಂದೆ ಅಂಗೈ ಹಿಡಿದು, ಮುಖ ಮಾತ್ರ ಆಚೆ ತಿರುಗಿಸಿ, ಯಾರಿಗೋ ಹೇಳುವವನಂತೆ, "ಉಸರ ಸಣ್ಣದೈತಿ" ಎನ್ನುತ್ತಿದ್ದ. ಒಡೆಯ ಜಗಳಕ್ಕೆ ಬರುತ್ತಿದ್ದ. ಬರಲಿ ಬಿಡಿ, ಇವನಿಗೇನು? ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರುತ್ತ ನಿಲ್ಲುತ್ತಿದ್ದ. ಸುಣ್ಣ ಸವರಿ ಮುಗಿಯುವಷ್ಟರಲ್ಲಿ ನಾಲ್ಕು ಮಂದಿ ಸೇರಿ ಎತ್ತಿನ ಮೂಗು ನೋಡುತ್ತಿದ್ದರು. ಆಗ ಎರಡನೆಯದು: "ಕಸುವ ಇಳದೈತಿ." ಎಲೆ ಅಗಿಯುತ್ತ ಒಂದು ಸುತ್ತು ಹೊಡೆದು ಬಂದು ಮೂರನೆಯದು: "ಕಿಮ್ಮತ್ತ ಬಿತ್ತ ಬಿಡ್ರಿ ಇದರದು."

ನಾಲ್ಕನೆಯ ಮಾತು ಎತ್ತಿಗಲ್ಲ, ಒಡೆಯನಿಗೆ. ಅವನ ಹೆಗಲ ಮೇಲೆ ಕೈಯಿಟ್ಟು, ಹೆತ್ತ ತಂದೆಯ ದನಿಯಲ್ಲಿ, "ಪಾಪ" ಎನ್ನುತ್ತಿದ್ದ. ಅಷ್ಟೇ. ಬೈದರೆ ಗಂಡಸು ಎದೆ ಸೆಟೆಸಿ ನಿಲ್ಲುತ್ತಾನೆ, ಹೊಡೆದರೆ ತಿರುಗಿ ಹೊಡೆಯುತ್ತಾನೆ. ಪಾಪ ಅಂದರೆ ಏನು ಮಾಡಬೇಕು? ಉಬ್ಬಿದ ರೊಟ್ಟಿಗೆ ಬೆರಳು ತಾಗಿಸಿದಂತೆ ಒಡೆಯನ ಎದೆ ಇಳಿದುಬಿಡುತ್ತಿತ್ತು. ಆಮೇಲೆ ಕೊಳ್ಳುವವ ಕೇಳಿದ್ದೇ ದರ.

ಇಷ್ಟೆಲ್ಲ ಮಾಡುವವನು ಎತ್ತನ್ನು ಎಂದೂ ನೋಡುತ್ತಿರಲಿಲ್ಲ ಎಂಬುದು ನಾನು ಕಂಡ ಸಂಗತಿ. ಅವನ ಕಣ್ಣು ಯಾವಾಗಲೂ ಒಡೆಯನ ಮುಖದ ಮೇಲಿರುತ್ತಿತ್ತು. ಎತ್ತಿನ ಮುಖ ನೋಡಿದ್ದರೆ ಮುಂದೆ ನಮ್ಮೂರಲ್ಲಿ ಅವನಿಗೆ ಆ ಗತಿ ಬರುತ್ತಿರಲಿಲ್ಲ.

ಮನೆಯಲ್ಲೂ ಅವನದು ಅದೇ ಬಾಯಿ. ಅವನ ಹೆಂಡತಿ ಸುಮಿತ್ರಾಬಾಯಿ ಸಿಂದಗಿಯಲ್ಲಿರುವ ನಮ್ಮ ಸೋದರತ್ತೆಗೆ ಗೆಳತಿ. ಒಂದು ದಿನ ಗುರಲಿಂಗಪ್ಪ ಊಟಕ್ಕೆ ಕೂತವನು, "ಪಲ್ಯಾ ಬರೋಬ್ಬರಿ ಆಗೇತಿ" ಎಂದನಂತೆ. ಆಕೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳಂತೆ. ಜ್ವರ ಇತ್ತಂತೆ! ಅತ್ತೆ ಇದನ್ನು ನಗುತ್ತ ಹೇಳುತ್ತಿದ್ದಳು, ನನಗೆ ನಗು ಬರುತ್ತಿರಲಿಲ್ಲ.

ಯಾಕೆಂದರೆ ಎಪ್ಪತ್ತೊಂದನೆಯ ಇಸವಿಯಲ್ಲಿ ಅವನ ಕೈ ನಮ್ಮಪ್ಪನ ಹೆಗಲ ಮೇಲೆ ಬಿದ್ದಿತ್ತು.

ನಮ್ಮದು ಹೂವಿನ ಹಿಪ್ಪರಗಿ. ಅಪ್ಪ ಶ್ರೀಶೈಲಪ್ಪ, ಬೇಸಾಯದವರು. ಹೀರ್ಯಾ, ಮಾಣಿಕ್ಯಾ ಎಂದು ಎರಡು ಕಿಲಾರಿ ಎತ್ತು ಇದ್ದವು. ಊರಲ್ಲಿ ಅಪ್ಪನ ಹೆಸರು ಗೊತ್ತಿಲ್ಲದವರಿಗೂ ಆ ಜೋಡಿ ಗೊತ್ತಿತ್ತು. ಆ ವರ್ಷ ಹೀರ್ಯಾ ಬದುವಿನ ಮೇಲೆ ಹಾವು ಕಡಿದು ಸತ್ತಿತು. ಜೋಡಿ ಮುರಿಯಿತು. ಮಾಣಿಕ್ಯಾನ ಎತ್ತರಕ್ಕೆ ಸರಿಹೊಂದುವ ಇನ್ನೊಂದು ಎತ್ತನ್ನು ಅಪ್ಪ ನಾಲ್ಕು ತಿಂಗಳು ಹುಡುಕಿದರು, ಸಿಗಲಿಲ್ಲ. ಒಂಟಿ ಎತ್ತು ಕಟ್ಟಿಕೊಂಡು ಹೊಲ ಹೇಗೆ ಹರಗುವುದು? ಕೊನೆಗೆ ಅದನ್ನು ಮಾರಿ ಸಣ್ಣದೊಂದು ಜೋಡಿ ತರುವುದೆಂದು ತೀರ್ಮಾನವಾಯಿತು.

ಮಾಣಿಕ್ಯಾನನ್ನು ಕರುವಿದ್ದಾಗಿನಿಂದ ಬೆಳೆಸಿದವಳು ನಾನು, ಅವರ ಮಗಳು ಇಂದು. ಅದರ ಎಡಗಿವಿಯ ತುದಿ ಜಾಲಿ ಬೇಲಿಗೆ ಸಿಕ್ಕು ಸೀಳಿತ್ತು, ಅರಿಶಿನ ಹಚ್ಚಿದವಳೂ ನಾನೇ. ಮೇವು ಯಾರು ಹಾಕಿದರೂ ತಿನ್ನುತ್ತಿತ್ತು, ಉಪ್ಪು ಸವರಿದ ರೊಟ್ಟಿಯ ಚೂರು ಮಾತ್ರ ನನ್ನ ಅಂಗೈಯಿಂದಲೇ ಬೇಕು. ನನಗೆ ಆಗ ಹದಿನಾಲ್ಕು. ಹಟ ಹಿಡಿದು ಸಿಂದಗಿ ಸಂತೆಗೆ ಅಪ್ಪನ ಜೊತೆ ನಡೆದೆ. ಅತ್ತೆಯ ಮನೆಯಲ್ಲಿ ಉಳಿದು, ಬೆಳಗ್ಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಗೊಂಡೆ ಕಟ್ಟಿ ಕರೆದೊಯ್ದೆವು. ಅಪ್ಪ ಎಂಟು ನೂರಕ್ಕೆ ಒಂದು ರೂಪಾಯಿ ಕಡಿಮೆ ಅಂದರೂ ಹಗ್ಗ ಬಿಡುವುದಿಲ್ಲ ಎಂದು ಅತ್ತೆಯ ಮುಂದೆ ಮೀಸೆ ತಿರುವಿದ್ದರು.

ಒಬ್ಬ ದನದ ವ್ಯಾಪಾರಿ ಬಂದ. ಅವನ ಹಿಂದೆ ಹಳದಿ ಪಟಕ ಬಂತು. "ಉಸರ ಸಣ್ಣದೈತಿ." ಅಪ್ಪ ಕೆಂಡವಾದರು. "ಏನ ಮಾತಾಡ್ತೀರಿ? ಹಿಪ್ಪರಗಿಯಿಂದ ನಡಕೊಂಡ ಬಂದೈತಿ, ಒಮ್ಮೆರೆ ತೇಕೇತೇನ ಕೇಳ್ರಿ!" ಗುರಲಿಂಗಪ್ಪ ಎಲೆಗೆ ಸುಣ್ಣ ಸವರಿದ. ಎರಡನೆಯ ಮಾತಿಗೆ ಅಪ್ಪನ ದನಿ ಸಣ್ಣದಾಯಿತು. ಮೂರನೆಯದಕ್ಕೆ ಅಪ್ಪ ಸುತ್ತ ನಿಂತವರ ಮುಖ ನೋಡಿದರು, ಯಾರಾದರೂ ಇಲ್ಲವೆಂದಾರೇನೋ ಎಂದು. ಎಲ್ಲರೂ ಎತ್ತಿನ ಮೂಗನ್ನೇ ನೋಡುತ್ತಿದ್ದರು. ಆಗ ಆ ಕೈ ಹೆಗಲ ಮೇಲೆ ಬಂತು.

"ಪಾಪ."

ನಮ್ಮ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ತಿಳಿಸುತ್ತಾರೆ. ಬೆರಳು ನನಗೆ ಕಾಣಲಿಲ್ಲ. ಅಪ್ಪನ ಮೊಣಕೈ ಕಂಡಿತು. ಅದು ಸೋತು ಜೋತುಬಿತ್ತು. ಐದು ನೂರಾ ಇಪ್ಪತ್ತಕ್ಕೆ ಮಾಣಿಕ್ಯಾ ಹೋಯಿತು. ಹೋಗುವಾಗ ಮೂರು ಸಲ ತಿರುಗಿ ನೋಡಿತು. ನಾನು ಅತ್ತುಬಿಟ್ಟೆ, ಗುರಲಿಂಗಪ್ಪ ಎಲೆ ಉಗುಳಿ ಚಹಾದ ಅಂಗಡಿಗೆ ನಡೆದ.

ಎತ್ತು ಹೋದದ್ದು ಹೋಯಿತು, ಅಪ್ಪನಿಗೆ ಆದದ್ದನ್ನು ಹೇಗೆ ಹೇಳಲಿ? ಅಂದಿನಿಂದ ತಮ್ಮದಕ್ಕೆಲ್ಲ ತಾವೇ ಮೊದಲು ಹೆಸರಿಡಲು ಕಲಿತರು. ಹೊಸ ಜೋಡಿಯನ್ನು ಯಾರಾದರೂ ಹೊಗಳಿದರೆ, "ಅಷ್ಟೇನ ಕಸುವಿಲ್ಲ ತಗೋರಿ" ಎನ್ನುವರು. ಜೋಳ ಚೆನ್ನಾಗಿ ಬಂದಿದೆ ಎಂದರೆ, "ಕಾಳ ಸಣ್ಣವ" ಎನ್ನುವರು. ನಾನು ಮ್ಯಾಟ್ರಿಕ್ ಪಾಸಾದ ದಿನ ಮಾಸ್ತರರು ಮನೆಗೆ ಬಂದು ಪೇಢೆ ಕೇಳಿದರೆ, "ಹೆಂಗೋ ದಾಟ್ಯಾಳ್ರಿ" ಎಂದರು. ನನಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಹಳದಿ ಪಟಕದ ಮೇಲೆ ಬಂತು.

ಇತ್ತ ಗುರಲಿಂಗಪ್ಪನ ಕಸುಬು ಬೆಳೆಯಿತು. ಯಾವನೋ ಬುದ್ಧಿವಂತ, ಎತ್ತಿಗೆ ಹೆಸರಿಡುವವನು ಹೆಣ್ಣಿಗೆ ಯಾಕಿಡಬಾರದು ಎಂದು ಯೋಚಿಸಿದನಂತೆ. ಗಂಡಿನವರು ಹೆಣ್ಣು ನೋಡಲು ಹೋಗುವಾಗ ಇವನನ್ನು ಕರೆದೊಯ್ಯತೊಡಗಿದರು. ಇವನು ಎಲೆ ಅಗಿಯುತ್ತ ಅವೇ ಮಾತು ಆಡುವುದು, ಹೆಣ್ಣಿನ ಅಪ್ಪ ಕುಗ್ಗುವುದು, ಗಂಡಿನವರು ಕೇಳುವ ವರದಕ್ಷಿಣೆ ಏರುವುದು. ಅಯ್ಯ ಶಿವನೇ, ಒಂದೇ ಕತ್ತರಿಯಲ್ಲಿ ಎಷ್ಟು ಕಿಸೆ! ಅವನಿಂದ ಹೆಸರಿಡಿಸಿಕೊಂಡ ಮೇಲೆ ಆ ಹುಡುಗಿಯರು ಯಾವ ಮುಖ ಹೊತ್ತು ಗಂಡನ ಮನೆಗೆ ಹೋದರೋ, ಅದನ್ನು ಯಾರೂ ಕೇಳಲಿಲ್ಲ.

ಎಪ್ಪತ್ತಾರರಲ್ಲಿ ನನ್ನ ಸರದಿ ಬಂತು. ಗಂಡಿನ ಅಪ್ಪ ಮಲಕಾಜಪ್ಪ ಗೌಡ, ಮುದ್ದೇಬಿಹಾಳದ ಈಚೆಗೆ, ನಮ್ಮಿಂದ ಆರು ಹರದಾರಿಯ ಒಂದು ಹಳ್ಳಿಯವನು. ಗುರಲಿಂಗಪ್ಪನನ್ನೂ ಕರೆತರುತ್ತಾನೆ ಎಂಬ ಸುದ್ದಿ ಮೊದಲೇ ಬಂತು. ಹಿಂದಿನ ದಿನ ಅಪ್ಪ ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತು ಅವ್ವನಿಗೆ ಹೇಳುತ್ತಿದ್ದುದನ್ನು ನಾನು ಹಿಟ್ಟು ನಾದುತ್ತ ಕೇಳಿದೆ.

"ಹೆಸರಿಟ್ಟರ ಇಡಲಿ ಬಿಡು. ಡೋಣಿ ಹೊಲಾ ಅವರ ಹೆಸರೀಲೆ ಮಾಡಿಕೊಡ್ತೇನಂತ ಹೇಳಿಬಿಡ್ತೇನಿ."

"ಅದನ್ನೂ ಕೊಟ್ಟರ ಮುಂದ ಏನ ತಿನ್ನೂಣು?"

"ಕೂಲಿ ಐತಲ್ಲ" ಎಂದರು ಅಪ್ಪ.

ಡೋಣಿ ಹೊಳೆಯ ದಂಡೆಯ ಆ ಆರೆಕರೆ ಒಂದೇ ನಮಗೆ ಅನ್ನ ಕೊಡುವ ಹೊಲ. ಉಳಿದದ್ದೆಲ್ಲ ಕಲ್ಲು. ಗಂಡಿನವರು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಹೆಸರಿಡುವವ ಇನ್ನೂ ನಮ್ಮೂರಿಗೆ ಕಾಲಿಟ್ಟಿರಲಿಲ್ಲ, ನಮ್ಮಪ್ಪ ಆಗಲೇ ಹೊಲ ಬಿಟ್ಟುಕೊಟ್ಟು ಕೂತಿದ್ದರು! ನಾನು ಹಿಟ್ಟಿಗೆ ಹೊಡೆದ ಪೆಟ್ಟಿಗೆ ಅವ್ವ ಸಿದ್ದಲಿಂಗವ್ವ ತಿರುಗಿ ನೋಡಿದಳು.

ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ಸವಾರಿ ಬಂಡಿ ಗೆಜ್ಜೆಯ ಸದ್ದು ಮಾಡುತ್ತ ಓಣಿಗೆ ಬಂತು. ಬಸ್ಸಿದ್ದರೂ ಮಲಕಾಜಪ್ಪ ಬಂಡಿ ಹೂಡಿಕೊಂಡೇ ಬಂದಿದ್ದ. ತನ್ನ ಎತ್ತುಗಳನ್ನು ಬೀಗರಾಗುವವರ ಊರಿಗೆ ತೋರಿಸಬೇಡವೇ? ಇಳಿದವನು ಹುಡುಗಿಯ ಕಡೆಯ ಮಾತಾಡಲಿಲ್ಲ, ನೀರೂ ಕೇಳಲಿಲ್ಲ, "ಎತ್ತಿಗೆ ನೆಳ್ಳ ಎಲ್ಲೈತಿ?" ಎಂದ. ಗುರಲಿಂಗಪ್ಪ ಹಿಂದಿನಿಂದ ಇಳಿಯುತ್ತ, "ಗೌಡ್ರ ಎತ್ತಂದ್ರ ಎತ್ತಪಾ! ಗಾಳೀ ಗಾಳೀ ಬಂದಾಂಗ ಬಂದಾವು" ಎಂದು ಹಲ್ಲು ಕಿಸಿದ. ಮಗ ಬಂಡಿಯ ಮೂಲೆಯಲ್ಲಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ಅವನು ಬಂದಾಗಿನಿಂದ ಹೋಗುವವರೆಗೆ ಒಂದು ಮಾತೂ ಆಡಲಿಲ್ಲವಾದ್ದರಿಂದ ಅವನ ವಿಷಯ ಇಲ್ಲಿಗೆ ಸಾಕು.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಎರಡೂ ಎತ್ತುಗಳನ್ನು ಬೇವಿನ ಗಿಡಕ್ಕೆ ಕಟ್ಟಿದರು. ಬಲಗಡೆಯದು ನೊಣ ಓಡಿಸಲು ಕಿವಿ ಆಡಿಸಿತು. ಎಡಗಿವಿಯ ತುದಿ ಸೀಳಿತ್ತು.

ನನ್ನ ಕೈಯಲ್ಲಿದ್ದ ತಂಬಿಗೆ ಜಾರಿ ಬಿತ್ತು. ನಾನು ಹೆದರಿದೆ ಎಂದುಕೊಂಡು ಅವ್ವ ಬೆನ್ನು ಸವರಿದಳು. ಅಪ್ಪನಿಗೆ ಗೊತ್ತಾಗಿರಲಿಲ್ಲ. ಅವರು ಗಂಡಿನವರ ಕಾಲಿಗೆ ನೀರು ಕೊಡುತ್ತ ನೆಲ ನೋಡುತ್ತಿದ್ದರು. ಗುರಲಿಂಗಪ್ಪನಿಗೋ? ಐದು ವರ್ಷದ ಹಿಂದೆ ಅದರ ಮೂಗಿನ ಮುಂದೆ ಅಂಗೈ ಹಿಡಿದವನು ಇವತ್ತು ಆರು ಹರದಾರಿ ಅದರ ಹಿಂದೆಯೇ ಕೂತು ಬಂದಿದ್ದ. ಗುರುತೇ ಇಲ್ಲ!

ಒಳಗೆ ಚಾಪೆಯ ಮೇಲೆ ಕೂಡಿಸಿದರು. ಹೆಸರು ಕೇಳಿದರು, ಪೇಪರು ಕೊಟ್ಟು ಓದು ಎಂದರು. ಓದಿದೆ. ಉದ್ದನೆಯ ಸಾಲು, ನಡುವೆ ಒಂದು ಕಡೆ ಉಸಿರಿಗೆ ನಿಂತೆ. ಗುರಲಿಂಗಪ್ಪ ಜಂತಿಯ ಕಡೆ ಮುಖ ಮಾಡಿದ.

"ಉಸರ ಸಣ್ಣದೈತಿ."

ಚೀಲ ಬಿಚ್ಚಿತು, ಸುಣ್ಣದ ಡಬ್ಬಿ ಬಂತು. ಅಪ್ಪ ಚಾಪೆಯ ಅಂಚು ಕೀಳತೊಡಗಿದರು. ಎದ್ದು ನಡೆ ಎಂದರು ಗಂಡಿನವರು. ನಡೆದೆ.

"ಕಸುವ ಕಡಿಮಿ. ಕೈಕಾಲ ಸೊರಗ್ಯಾವು."

ಬಾಗಿಲ ಮರೆಯಲ್ಲಿ ಅವ್ವ, "ಇವನ ಬಾಯಾಗ ಮಣ್ಣ ಬೀಳ್ಲಿ" ಎಂದದ್ದು ನನಗೊಬ್ಬಳಿಗೇ ಕೇಳಿಸಿತು. ಮಲಕಾಜಪ್ಪ ಮೀಸೆಯ ಅಡಿಯಲ್ಲಿ ನಗುತ್ತಿದ್ದ. ಅವನೇನು ಸಾಚಾ ಮನುಷ್ಯನಲ್ಲ. ಸೊಸೆಯಾಗುವವಳಿಗೆ ಹೆಸರಿಡಲು ಬಾಡಿಗೆಯ ಬಾಯಿ ತಂದವನು.

"ಮ್ಯಾಟ್ರಿಕ್ ಕಲಿತ ಹುಡುಗ್ಯಾರ್ದು ಈಗ ಕಿಮ್ಮತ್ತ ಬಿದ್ದೈತಿ ಬಿಡ್ರಿ. ಹೊಲಕ್ಕೂ ಬರಂಗಿಲ್ಲ, ಒಲಿಗೂ ಬರಂಗಿಲ್ಲ" ಎಂದು ಗುರಲಿಂಗಪ್ಪ ಎಲೆ ಮಡಿಚಿ ಬಾಯಿಗಿಟ್ಟ. ಆಮೇಲೆ ಅಪ್ಪನ ಕಡೆ ಸರಿದ. ಕೈ ಮೇಲೆದ್ದಿತು. ಅಪ್ಪನ ಹೆಗಲು ಅದು ಮುಟ್ಟುವ ಮೊದಲೇ ಕುಸಿದಿತ್ತು. ತುಟಿ ಅಲುಗುತ್ತಿತ್ತು, ಡೋಣಿ ಹೊಲದ ಮಾತು ಹೊರಗೆ ಬರಲು ಒಂದು ಉಸಿರು ಬಾಕಿ. ನಾನು ನಿಂತಲ್ಲಿಂದಲೇ ಬಾಯಿ ತೆರೆದೆ.

"ಗೌಡ್ರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹೊರಗ ಕಟ್ಟೇರಲ್ರಿ, ಬಲಗಡೆ ಎತ್ತ. ಅದರ ಉಸರ ಸಣ್ಣದೈತೇನ್ರಿ?"

ಮಲಕಾಜಪ್ಪನ ನಗೆ ನಿಂತಿತು. "ಏನಂದಿ?"

"ಉಸರ ಸಣ್ಣದೈತಿ ಅಂತ ಕೇಳೇನ್ರಿ."

"ಆರ ಹರದಾರಿ ಬಂದೈತಿ! ಬಾಯಾಗ ಒಂದ ಹನಿ ನೊರಿ ಐತೇನ ಹೋಗಿ ನೋಡ ಹೋಗ!"

"ಕಸುವ ಇಳದೈತಿ ಅಂತರಿ."

"ಯಾವಾಂವ ಅಂದಾಂವ? ಎರಿ ಮಣ್ಣಾಗ ಅಚ್ಚಿನಮಟಾ ಹುಗದ ಬಂಡಿ ಎಳದ ಹೊರಗ ತಂದೈತಿ ಅದು! ನಮ್ಮೂರ ಮಂದೀನ್ನ ಕೇಳ!"

"ಹಂಗಾರ ಕಿಮ್ಮತ್ತ?"

ಬೇರೆ ಯಾವನೇ ಆಗಲಿ ಇಷ್ಟೊತ್ತಿಗೆ ಹುಷಾರಾಗುತ್ತಿದ್ದ. ಆದರೆ ನಮ್ಮ ನೆಲದ ಒಕ್ಕಲಿಗ ಹೆಂಡತಿ ಮಕ್ಕಳನ್ನು ಅಂದರೆ ಸಹಿಸಿಯಾನು, ಎತ್ತಿಗೆ ಅಂದರೆ ಅವನ ಬುದ್ಧಿಯೇ ನಿಲ್ಲುವುದಿಲ್ಲ. ಮಲಕಾಜಪ್ಪ ಎದ್ದೇ ನಿಂತ. "ನಾಲತವಾಡ ಸಂತ್ಯಾಗ ಹದಿನಾಕ ನೂರ ಕೊಟ್ಟ ತಂದೇನಿ! ಇವತ್ತ ಎರಡ ಸಾವಿರ ಕೊಡ್ತೇನಂದ್ರೂ ಹಗ್ಗ ಬಿಚ್ಚಂಗಿಲ್ಲ. ಯಾವ ಮಗ ಅದಕ್ಕ ಹೆಸರಿಟ್ಟಾಂವ? ಹೇಳ!"

"ನಿಮ್ಮ ಬಾಜೂಕ ಕುಂತಾರಲ್ರಿ, ಇವರ. ಐದ ವರ್ಷದ ಹಿಂದ, ಸಿಂದಗಿ ಸಂತ್ಯಾಗ. ಈಗ ನನಗ ಅಂದ್ರಲ್ಲ, ಅವ ಮೂರ ಮಾತ. ಅದು ನಮ್ಮ ಮಾಣಿಕ್ಯಾರಿ."

ಅಪ್ಪ ತಲೆ ಎತ್ತಿದರು. ಗುರಲಿಂಗಪ್ಪನ ಕೈ ಎತ್ತಿದಲ್ಲೇ ಉಳಿದಿತ್ತು. ನಾನು ಯಾರಿಗೂ ಕಾಯದೆ, ರೊಟ್ಟಿಯ ಚೂರಿಗೆ ಉಪ್ಪು ಸವರಿಕೊಂಡು ಹೊರಗೆ ನಡೆದೆ. "ಮಾಣಿಕ್ಯಾ" ಎಂದೆ. ಸೀಳಿದ ಕಿವಿ ನಿಮಿರಿತು. ಹಗ್ಗ ಜಗ್ಗಿಕೊಂಡು ಬಂದು ಅಂಗೈಯಿಂದ ರೊಟ್ಟಿ ತೆಗೆದುಕೊಂಡು, ಉಪ್ಪು ಮುಗಿಯುವವರೆಗೆ ನೆಕ್ಕಿತು. ಅಷ್ಟರಲ್ಲಿ ಎಲ್ಲರೂ ಬಾಗಿಲಿಗೆ ಬಂದಿದ್ದರು, ಅರ್ಧ ಓಣಿಯೂ ಬಂದಿತ್ತು. ಅಪ್ಪ ಓಡಿಬಂದು ಅದರ ಕೊರಳಿಗೆ ಕೈ ಹಾಕಿದರು. ಅವರು ಅಳುತ್ತಿದ್ದರು, ಹೇಳುವುದಕ್ಕೇನು ನಾಚಿಕೆ.

ಮಲಕಾಜಪ್ಪ ಸಣ್ಣ ದನಿಯಲ್ಲಿ ಕೇಳಿದ. "ನೀವ ಎಷ್ಟಕ್ಕ ಕೊಟ್ರಿ?"

"ಐದನೂರಾ ಇಪ್ಪತ್ತಕ್ಕ್ರಿ" ಎಂದರು ಅಪ್ಪ. ಅವರಿಗೆ ಸುಳ್ಳು ಬರುತ್ತಿರಲಿಲ್ಲ.

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ಹದಿನಾಲ್ಕು ನೂರರ ಗೌಡನ ಮುಖ ನೋಡಬೇಕಿತ್ತು! ಅವನು ಗುರಲಿಂಗಪ್ಪನ ಕಡೆ ತಿರುಗಿದ. "ಆರ ಹರದಾರಿ ಇದರ ಹಿಂದ ಕುಂತ ಬಂದೀಯಲ್ಲೋ, ಗುರ್ತ ಹತ್ತಲಿಲ್ಲ?"

ಗುರಲಿಂಗಪ್ಪ ಪಟಕ ಸರಿಮಾಡಿಕೊಂಡ. ಜೀವಮಾನವೆಲ್ಲ ಮಾತಿನಿಂದಲೇ ಉಂಡವನಿಗೆ ಆ ಹೊತ್ತಿಗೆ ಸಿಕ್ಕ ಮಾತು ನೋಡಿ: "ಎತ್ತಿನ ಮಾರಿ ಯಾರ ನೆನಪಿಡ್ತಾರ್ರಿ ಗೌಡ್ರ? ಎಲ್ಲಾ ಒಂದ ಥರಾ ಇರತಾವು."

ಎಲ್ಲ ಎತ್ತೂ ಒಂದೇ ಥರ! ಅದೂ ಎತ್ತು ಕಟ್ಟಿದವರ ಓಣಿಯಲ್ಲಿ ನಿಂತು! ಮುದುಕರೊಬ್ಬರು ಮುಖಕ್ಕೇ ಅಂದರು, "ಇವನಿಗೆ ಎತ್ತ ಯಾವುದು, ಎಮ್ಮಿ ಯಾವುದು ಅಂತರ ಗೊತ್ತೈತೇನ ಕೇಳ್ರಪಾ." ನಗು ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಮಲಕಾಜಪ್ಪ ಬಂಡಿ ಹೂಡಿದ. ಹೋಗುವಾಗ, "ಹೆಣ್ಣಿಂದ ಬಾಯಿ ಜೋರೈತಿ" ಎಂದು ನನಗೂ ಒಂದು ಹೆಸರಿಟ್ಟ. ಇಡಲಿ. ಆ ಸಂಬಂಧ ಆಗಲಿಲ್ಲ, ಡೋಣಿ ಹೊಲ ಇವತ್ತಿಗೂ ನಮ್ಮದೇ.

ಬಂಡಿ ಹೊರಟ ಮೇಲೆ ಗುರಲಿಂಗಪ್ಪನಿಗೆ ತಾನು ಹತ್ತಿಲ್ಲವೆಂಬ ಅರಿವು ಬಂತು. "ಗೌಡ್ರ! ಗೌಡ್ರ!" ಎಂದು ಧೋತರ ಎತ್ತಿ ಹಿಡಿದು ಓಡಿದ. ಮಾಣಿಕ್ಯಾ ಹೂಡಿದ ಬಂಡಿಯನ್ನು ಇವನು ಹಿಡಿಯುವುದುಂಟೇ? ಊರ ಬಾಗಿಲಿನ ಅಗಸಿಯವರೆಗೆ ಓಡಿ, ಪಟಕ ಬಿಚ್ಚಿ ಕೊರಳಿಗೆ ಬಿದ್ದು, ಮತ್ತೆ ನಮ್ಮ ಮನೆಯ ಕಟ್ಟೆಗೇ ಬಂದು ಕುಕ್ಕರಿಸಿದ. ಅವನ ಎಲೆ ಅಡಿಕೆಯ ಚೀಲ ನಮ್ಮ ಚಾಪೆಯ ಮೇಲೆ ಉಳಿದಿತ್ತು. ಎದೆ ಸೀಟಿ ಊದುತ್ತಿತ್ತು.

ನಾನು ಬಾಗಿಲಲ್ಲಿ ನಿಂತಿದ್ದೆ. ಅವನಿಗೆ ಹೇಳಲು ಒಂದು ಮಾತನ್ನು ಐದು ವರ್ಷದಿಂದ ಕಾಯ್ದಿಟ್ಟಿದ್ದೆ, ಹೊಸ್ತಿಲು ದಾಟಿದೆ ಕೂಡ. ಅಷ್ಟರಲ್ಲಿ ಅಪ್ಪ ತಂಬಿಗೆಯಲ್ಲಿ ನೀರು ಹಿಡಿದು ನನ್ನನ್ನು ದಾಟಿ ಮುಂದೆ ಹೋದರು. ಅವನ ಪಕ್ಕದಲ್ಲಿ ಬಗ್ಗಿ, ಹೆಗಲ ಮೇಲೆ ಕೈಯಿಟ್ಟರು. ಅವರ ಮನಸ್ಸಿನಲ್ಲಿ ಕಸವಿರಲಿಲ್ಲ, ನಿಜವಾದ ಮರುಕದಿಂದಲೇ ಅಂದರು.

"ಪಾಪ. ಕುಂಡ್ರರಿ, ಉಸರ ತಗೋರಿ. ನಾಕಕ್ಕ ಬಸ್ಸ ಐತಿ."

ಆ ಕೈಯ ಅಡಿಯಲ್ಲಿ ಗುರಲಿಂಗಪ್ಪನ ಹೆಗಲು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆ ಮಾತು ಯಾರದೆಂಬುದು ಅಪ್ಪನಿಗೆ ನೆನಪಿರಲಿಲ್ಲ. ಅವನಿಗಿತ್ತು. ಎರಡು ಗುಟುಕು ಕುಡಿದು ತಂಬಿಗೆ ಕೆಳಗಿಟ್ಟ, ಚೀಲವನ್ನೂ ಕೇಳದೆ ಬಿಸಿಲಿನಲ್ಲೇ ಎದ್ದು ನಡೆದ.